ಚಾರ್ಜರ್ ಇದೆ, ಚಾರ್ಜ್ ಆಗುತ್ತದೆಯೇ?

ಪುಣೆಯ ವಾಯವ್ಯ ಅಂಚಿನಲ್ಲಿರುವ ನಿಗಡಿಯಿಂದ ಎರಡು ತಾಸಿನ ಹಾದಿಯೊಳಗೆ ಭಾರತದ ವಿದ್ಯುತ್ ವಾಹನಗಳ ಹಲವು ತವರುಗಳಿವೆ. ಪಕ್ಕದ ಆಕುರ್ಡಿ ಬಜಾಜ್ ಕಂಪನಿಯ ಊರು. ಒಂದು ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಚೇತಕ್ ಸ್ಕೂಟರ್ ವಿದ್ಯುತ್ ರೂಪದಲ್ಲಿ ಮರಳಿ ಬಂದು, 2020ರ ಜನವರಿಯಲ್ಲಿ ಮೊದಲು ಮಾರಾಟಕ್ಕಿಳಿದದ್ದು ಪುಣೆ ಮತ್ತು ಬೆಂಗಳೂರಿನಲ್ಲಿ. 2022ರ ಜೂನ್‌ನಲ್ಲಿ ಆಕುರ್ಡಿಯಲ್ಲೇ ಅದಕ್ಕೊಂದು ಹೊಸ ಕಾರ್ಖಾನೆ ತೆರೆಯಿತು. ಅದೇ 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇವಿ ರಾಂಜಣಗಾಂವ್‌ನಲ್ಲಿ ತಯಾರಾಯಿತು. ಮಹೀಂದ್ರಾದ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳು ಚಾಕಣದವು. ಒಂದು ಚಾರ್ಜಿಗೆ ಕಾರು ಎಷ್ಟು ದೂರ ಓಡುತ್ತದೆಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆ ಇರುವುದೂ ಪುಣೆಯ ಗುಡ್ಡವೊಂದರ ಮೇಲೆಯೇ.

ಹೀಗಿದ್ದರೂ ನಿಗಡಿಯಲ್ಲಿ ವಿದ್ಯುತ್ ಕಾರು ಕೊಳ್ಳಹೊರಟವರು ಕೇಳುವ ಮೊದಲ ಪ್ರಶ್ನೆ ಕಠ್ಮಂಡುವಿನವರು, ಅಡಿಸ್ ಅಬಾಬಾದವರು ಕೇಳುವ ಪ್ರಶ್ನೆಯೇ: ಚಾರ್ಜ್ ಮಾಡುವುದು ಎಲ್ಲಿ? ಇಲ್ಲಿನ ಕನ್ನಡ ಕುಟುಂಬಗಳಿಗೆ ಆ ಪ್ರಶ್ನೆ ಇನ್ನಷ್ಟು ಉದ್ದವಾಗುತ್ತದೆ. ಕಾರ್ಖಾನೆಗಳ ಕೆಲಸ ಹಿಡಿದು ಪಿಂಪ್ರಿ-ಚಿಂಚವಡಕ್ಕೆ ಬಂದು ನೆಲೆಸಿದವರ ಊರು ಬೆಳಗಾವಿಯೋ ಧಾರವಾಡವೋ ವಿಜಯಪುರವೋ ಕಲಬುರಗಿಯೋ ಆಗಿರುತ್ತದೆ. ಗಣೇಶ ಚೌತಿಗೆ, ದೀಪಾವಳಿಗೆ, ಮದುವೆ-ಮುಂಜಿಗೆ ಕಾರು ಹತ್ತಿದರೆ ಮುನ್ನೂರು-ನಾನ್ನೂರು ಕಿಲೋಮೀಟರ್ ದಾರಿ ಎದುರಿಗಿರುತ್ತದೆ.

ಚಾರ್ಜಿಂಗ್ ಕೇಂದ್ರಗಳ ಸಂಖ್ಯೆ ಕಡಿಮೆ ಎಂಬುದು ಈ ಪ್ರಶ್ನೆಗೆ ಸಿಗುವ ಸುಲಭದ ಉತ್ತರ. ಐದಾರು ವರ್ಷಗಳ ಹಿಂದೆ ಅದು ಸರಿಯಿತ್ತು. ಈಗ ತೊಡಕು ಬೇರೆ ಕಡೆ ಸರಿದಿದೆ. ಯಂತ್ರ ನೆಡುವವರಿಗೆ ಹಣ ಸಿಗುತ್ತಿದೆ, ನೆಟ್ಟ ಯಂತ್ರ ನಡೆಯುತ್ತಿದೆಯೇ ಎಂದು ಕೇಳುವವರು ಕಡಿಮೆ. ಹಾಗಾಗಿ ಹುಡುಕುವ ಭಾರವೆಲ್ಲ ದಾರಿಹೋಕನ ತಲೆಯ ಮೇಲೆ ಬಿದ್ದಿದೆ.

ಬಂದ ದಾರಿ

ಭಾರತದಲ್ಲಿ ವಿದ್ಯುತ್ ಕಾರಿನ ಕತೆ ಆರಂಭವಾಗುವುದು ಬೆಂಗಳೂರಿನಲ್ಲಿ. ಚೇತನ್ ಮೈನಿ ರೂಪಿಸಿದ ರೇವಾ 2001ರಲ್ಲಿ ರಸ್ತೆಗಿಳಿಯಿತು. ಸೀಸ-ಆಮ್ಲದ ಬ್ಯಾಟರಿ, ಎಂಬತ್ತು ಕಿಲೋಮೀಟರ್ ಆಸುಪಾಸಿನ ಓಟ, ಮನೆಯ ಹದಿನೈದು ಆಂಪಿಯರ್ ಪ್ಲಗ್ಗಿನಲ್ಲೇ ಚಾರ್ಜು. ಅದು ಊರೊಳಗಿನ ಕಾರು; ಬೆಳಿಗ್ಗೆ ಹೊರಟರೆ ಸಂಜೆ ಮನೆಗೇ ಬರುತ್ತಿತ್ತು. ಚಾರ್ಜಿಂಗ್ ಕೇಂದ್ರ ಎಲ್ಲಿ ಎಂಬ ಪ್ರಶ್ನೆ ಹುಟ್ಟಲೇ ಇಲ್ಲ. 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ಕೊಂಡಿತು, 2013ರಲ್ಲಿ ಇ2ಒ ಬಂತು. ಆಗಲೂ ಲೆಕ್ಕಾಚಾರ ಊರೊಳಗಿನದೇ.

ಸರ್ಕಾರಗಳು ಮೈಕೊಡವಿ ಎದ್ದದ್ದು ಆಮೇಲೆ. ವಿದ್ಯುತ್ ವಾಹನಕ್ಕೆಂದೇ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, ವರ್ಷ 2017. ಮರುವರ್ಷ ಫೆಬ್ರುವರಿಯಲ್ಲಿ ಬೆಸ್ಕಾಂ ತನ್ನ ಕೆ.ಆರ್. ವೃತ್ತದ ಕಚೇರಿಯಲ್ಲಿ ಚಾರ್ಜಿಂಗ್ ಕೇಂದ್ರ ತೆರೆಯಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಒಂದು ಸ್ಪಷ್ಟನೆ ಕೊಟ್ಟಿತು: ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ಕರೆಂಟು ಮಾರಿದಂತಲ್ಲ, ಅದೊಂದು ಸೇವೆ. ನೋಡಲು ಚಿಕ್ಕ ಮಾತು. ಆದರೆ ವಿದ್ಯುತ್ ಮಾರಾಟಕ್ಕೆ ಬೇಕಾದ ಪರವಾನಗಿಯ ಗೊಡವೆಯಿಲ್ಲದೆ ಹೋಟೆಲಿನವರೂ ಪೆಟ್ರೋಲ್ ಬಂಕಿನವರೂ ಯಂತ್ರ ಹಾಕಬಹುದಾದದ್ದು ಅದರಿಂದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಮಾರ್ಗಸೂಚಿ ಒಂದು ಅಳತೆಗೋಲನ್ನೂ ಕೊಟ್ಟಿತು. ನಗರದಲ್ಲಿ ಮೂರು ಕಿಲೋಮೀಟರ್ ಉದ್ದ, ಮೂರು ಕಿಲೋಮೀಟರ್ ಅಗಲದ ಪ್ರತಿ ಚೌಕಕ್ಕೆ ಒಂದು ಕೇಂದ್ರ. ಹೆದ್ದಾರಿಯಲ್ಲಿ ಎರಡೂ ಬದಿಗೆ ಪ್ರತಿ 25 ಕಿಲೋಮೀಟರಿಗೊಂದು.

ಮಹಾರಾಷ್ಟ್ರ 2021ರ ತನ್ನ ನೀತಿಯಲ್ಲಿ ನಗರವಾರು ಗುರಿಯನ್ನೇ ಬರೆಯಿತು. 2025ರೊಳಗೆ ಪುಣೆ ಪ್ರದೇಶಕ್ಕೆ 500, ಸೊಲ್ಲಾಪುರಕ್ಕೆ 20. ಬೆಳಗಾವಿಯ ಕಡೆ ಹೋಗುವವನಿಗೂ ಸೊಲ್ಲಾಪುರ ದಾಟಿ ವಿಜಯಪುರ, ಕಲಬುರಗಿಗೆ ಹೋಗುವವನಿಗೂ ಸಿಗುವ ಅನುಕೂಲದ ಅಂತರ ಈ ಎರಡು ಅಂಕಿಗಳಲ್ಲೇ ಕಾಣುತ್ತದೆ. 2025ರ ಹೊಸ ನೀತಿ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ, ಸಮೃದ್ಧಿ ಮಾರ್ಗ ಮತ್ತು ಅಟಲ್ ಸೇತುವಿನಲ್ಲಿ ವಿದ್ಯುತ್ ಕಾರುಗಳಿಗೆ ಟೋಲ್ ಮಾಫಿ ಘೋಷಿಸಿತು.

ಎಣಿಕೆಯ ಒಳಗೆ

2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೇಳಿದ ಪ್ರಕಾರ ದೇಶದಲ್ಲಿದ್ದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು 6,586. 2024ರ ಡಿಸೆಂಬರ್‌ಗೆ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ 25,202. ಅದರಲ್ಲಿ 5,765 ಕೇಂದ್ರಗಳೊಂದಿಗೆ ಕರ್ನಾಟಕ ಮೊದಲು, 3,728ರೊಂದಿಗೆ ಮಹಾರಾಷ್ಟ್ರ ಎರಡನೆಯದು. ಅಂದರೆ ನಿಗಡಿಯಿಂದ ಬೆಂಗಳೂರಿನವರೆಗಿನ ರಾಷ್ಟ್ರೀಯ ಹೆದ್ದಾರಿ 48 ದೇಶದ ಅತಿ ಹೆಚ್ಚು ಚಾರ್ಜರುಗಳಿರುವ ಎರಡು ರಾಜ್ಯಗಳಲ್ಲೇ ಹಾದುಹೋಗುತ್ತದೆ. ಕಾಗದದ ಮೇಲೆ ಇದಕ್ಕಿಂತ ಭಾಗ್ಯದ ದಾರಿ ಇನ್ನೊಂದಿಲ್ಲ.

ಈ ಎಣಿಕೆಯನ್ನು ಬಿಡಿಸಿ ನೋಡಿದಾಗ ಭಾಗ್ಯ ಕರಗುತ್ತದೆ. ಕರ್ನಾಟಕದ ಕೇಂದ್ರಗಳು 5,059 ಇದ್ದಾಗ ಅವುಗಳಲ್ಲಿ 4,281 ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ಉಳಿದ ಮೂವತ್ತು ಜಿಲ್ಲೆಗಳಿಗೆ ಸೇರಿ 778. ಸರಾಸರಿ ಜಿಲ್ಲೆಗೆ ಇಪ್ಪತ್ತಾರು. ಅದರಲ್ಲೂ ಮೈಸೂರು, ಮಂಗಳೂರುಗಳ ಪಾಲು ತೆಗೆದರೆ ಕಿತ್ತೂರು ಕರ್ನಾಟಕಕ್ಕೂ ಕಲ್ಯಾಣ ಕರ್ನಾಟಕಕ್ಕೂ ಉಳಿಯುವುದೆಷ್ಟು ಎಂದು ಊಹಿಸಬಹುದು.

ಎರಡನೆಯ ತೊಡಕು ‘ಒಂದು ಕೇಂದ್ರ’ ಎಂದರೆ ಏನು ಎಂಬುದರಲ್ಲಿದೆ. ಕಿರಾಣಿ ಅಂಗಡಿಯ ಗೋಡೆಗೆ ಬಡಿದ, ಸ್ಕೂಟರಿಗೆ ಸಾಕಾಗುವ 3.3 ಕಿಲೋವಾಟ್ ಸಾಕೆಟ್ಟೂ ಎಣಿಕೆಯಲ್ಲಿ ಒಂದು. ಹೆದ್ದಾರಿ ಹೋಟೆಲಿನ 120 ಕಿಲೋವಾಟಿನ ಯಂತ್ರವೂ ಒಂದು. ನಲವತ್ತು ಯೂನಿಟ್ ಹಿಡಿಸುವ ಬ್ಯಾಟರಿಯನ್ನು ಮೊದಲನೆಯದು ತುಂಬಲು ಹನ್ನೆರಡು ಗಂಟೆ ಮೀರುತ್ತದೆ. ಎರಡನೆಯದರಲ್ಲಿ, ಕಾರು ಅಷ್ಟು ವೇಗವನ್ನು ತಾಳುವಂಥದ್ದಾದರೆ, ಊಟ ಮುಗಿಯುವಷ್ಟರಲ್ಲಿ ಹೊರಡಬಹುದು. ನಕ್ಷೆಯಲ್ಲಿ ಎರಡಕ್ಕೂ ಒಂದೇ ಗಾತ್ರದ ಚುಕ್ಕೆ.

ಮೂರನೆಯದು ಗನ್ನಿನ ತೊಡಕು. ಚಾರ್ಜರಿನಿಂದ ಕಾರಿಗೆ ಚುಚ್ಚುವ ಹಿಡಿಕೆಯನ್ನು ದಾರಿಯ ಮೇಲಿನ ಎಲ್ಲರೂ ಗನ್ ಎಂದೇ ಕರೆಯುತ್ತಾರೆ. 2017ರ ಸುಮಾರಿಗೆ ಸರ್ಕಾರ ಭಾರತ್ ಡಿಸಿ-001 ಎಂಬ 15 ಕಿಲೋವಾಟಿನ ಮಾದರಿ ಗೊತ್ತುಮಾಡಿತು. ಸರ್ಕಾರಿ ಕಚೇರಿಗಳಿಗೆಂದು ಕೊಂಡ ಆ ಕಾಲದ ಕಡಿಮೆ ವೋಲ್ಟೇಜಿನ ಕಾರುಗಳಿಗೆ ಅದು ಹೊಂದುತ್ತಿತ್ತು. ಬಳಿಕ ಬಂದ ಬಹುತೇಕ ಕಾರುಗಳು ಯುರೋಪಿನ ಸಿಸಿಎಸ್-2 ಗನ್ನಿಗೆ ಬದಲಾದವು. ಹಳೆಯ ಯಂತ್ರಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲೆಲ್ಲ ಚುಕ್ಕೆಯೂ ಉಳಿದಿದೆ. ಇಂದಿನ ಕಾರಿಗೆ ಮಾತ್ರ ಆ ಗನ್ ಕೂರುವುದಿಲ್ಲ.

ಬರಗಾಲದ ವರ್ಷ ಎಷ್ಟು ಕೊಳವೆಬಾವಿ ಕೊರೆದೆವು ಎಂಬ ವರದಿ ತಾಲ್ಲೂಕು ಕಚೇರಿಯಿಂದ ಹೊರಡುತ್ತದೆ, ಎಷ್ಟರಲ್ಲಿ ನೀರು ಬರುತ್ತಿದೆ ಎಂಬುದನ್ನು ಕೊಡ ಹೊತ್ತವರನ್ನೇ ಕೇಳಬೇಕು. ಚಾರ್ಜರುಗಳ ಲೆಕ್ಕವೂ ಸದ್ಯ ಅದೇ ರೀತಿಯದು.

ಮನೆ, ಪೇಟೆ, ಹೆದ್ದಾರಿ

ಹುಡುಕಾಟ ಮೂರು ಬಗೆಯದು. ಮೂರಕ್ಕೂ ಉತ್ತರ ಬೇರೆಬೇರೆ.

ಮೊದಲನೆಯದು ಮನೆ. ನಿಗಡಿಯ ಪ್ರಾಧಿಕರಣ ಪ್ರದೇಶ 1972ರಲ್ಲಿ ಸ್ಥಾಪಿತವಾದ ನವನಗರ ವಿಕಾಸ ಪ್ರಾಧಿಕರಣದ ಯೋಜನೆಯಿಂದ ಬೆಳೆದದ್ದು. ಸ್ವಂತ ನಿವೇಶನದಲ್ಲಿ ಸ್ವಂತ ಮನೆ ಇದ್ದವರಿಗೆ ದಾರಿ ಸಲೀಸು. ಮೀಟರಿನಿಂದ ಪಾರ್ಕಿಂಗಿಗೆ ಒಂದು ದಪ್ಪ ವೈರು, ಒಳ್ಳೆಯ ಅರ್ಥಿಂಗ್, ಒಂದು ಎಂಸಿಬಿ, ಹದಿನೈದು ಅಥವಾ ಹದಿನಾರು ಆಂಪಿಯರ್ ಪ್ಲಗ್ ಇದ್ದರಾಯಿತು. ಇವುಗಳಲ್ಲಿ ಅರ್ಥಿಂಗ್ ಮುಖ್ಯ. ಅದು ಸರಿಯಿಲ್ಲದಿದ್ದರೆ ಕಾರು ಚಾರ್ಜು ತೆಗೆದುಕೊಳ್ಳಲು ನಿರಾಕರಿಸುತ್ತದೆ. ಮನೆಯ ದೀಪ, ಫ್ಯಾನು, ಫ್ರಿಜ್ ಎಲ್ಲ ನಡೆಯುತ್ತಿದ್ದರೂ ಕಾರಿನ ಪರದೆಯಲ್ಲಿ ಕೆಂಪು ಸೂಚನೆ ಬರುವುದು ಇದರಿಂದಲೇ. ಊರಿನ ಹಳೆಯ ಮನೆಗಳಲ್ಲಿ, ಲಾಡ್ಜುಗಳಲ್ಲಿ, ಮಂಗಲ ಕಾರ್ಯಾಲಯಗಳಲ್ಲಿ ಎದುರಾಗುವ ಮೊದಲ ವಿಘ್ನವೂ ಇದೇ.

ಫ್ಲ್ಯಾಟಿನವರ ಕಷ್ಟ ಬೇರೆ. ಮೀಟರುಗಳೆಲ್ಲ ಒಂದು ಕೋಣೆಯಲ್ಲಿ, ಕಾರು ನಿಲ್ಲುವುದು ಇನ್ನೊಂದು ಮೂಲೆಯಲ್ಲಿ. ವೈರು ಎಳೆಯಲು ಸೊಸೈಟಿಯ ಎನ್‌ಒಸಿ ಬೇಕು. ಬೆಂಕಿಯ ಭಯ, ಲೋಡ್ ಸಾಲದೆಂಬ ಆತಂಕ, ನಾಳೆ ಎಲ್ಲರೂ ಕೇಳಿದರೆ ಏನು ಗತಿ ಎಂಬ ಪ್ರಶ್ನೆ ಸಭೆಯಲ್ಲಿ ಒಂದರ ಹಿಂದೊಂದು ಏಳುತ್ತವೆ. ಕೊನೆಯ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಹತ್ತು ಕಾರು ಒಟ್ಟಿಗೆ ನಿಧಾನ ಚಾರ್ಜಿಗೆ ನಿಂತರೂ 33 ಕಿಲೋವಾಟ್ ಆಗುತ್ತದೆ. ಇಪ್ಪತ್ತು ವರ್ಷ ಹಿಂದೆ ಕಟ್ಟಿದ ಕಟ್ಟಡದ ಲೆಕ್ಕದಲ್ಲಿ ಅದು ಇರಲಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಕಟ್ಟಡ ಉಪವಿಧಿ ತಿದ್ದಿ, ಪಾರ್ಕಿಂಗಿನ ಶೇ. 20ರಷ್ಟು ಜಾಗಕ್ಕೆ ಚಾರ್ಜಿಂಗ್ ಸೌಲಭ್ಯ ಇರಬೇಕೆಂದಿತು. ಅದು ಮುಂದೆ ಕಟ್ಟುವ ಕಟ್ಟಡಗಳ ಮಾತು. ಹಳೆಯ ಸೊಸೈಟಿಗಳ ಮುಂದಿರುವ ಹಾದಿ ಎರಡು: ಪ್ರತಿಯೊಬ್ಬರೂ ತಂತಮ್ಮ ಮೀಟರಿನಿಂದ ಲೈನ್ ಎಳೆಯುವುದು, ಇಲ್ಲವೇ ಸೊಸೈಟಿಯೇ ಇವಿಗೆಂದು ಪ್ರತ್ಯೇಕ ಮೀಟರ್ ಪಡೆದು ಸರದಿಯ ಮೇಲೆ ಹಂಚುವುದು. ಕಾರುಗಳ ಸಂಖ್ಯೆ ಏರುತ್ತಿರುವಾಗ ಎರಡನೆಯದೇ ಬಾಳುವ ದಾರಿ.

ಮನೆಯ ಪ್ಲಗ್ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಹಣದ ಕಾರಣವೂ ಇದೆ. ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ. ಸಾರ್ವಜನಿಕ ಕೇಂದ್ರದ ಬಿಲ್ಲಿಗೆ ಶೇ. 18. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಈ ಬಗ್ಗೆ ಕೇಳಿದಾಗ, ಚಾರ್ಜ್ ಮಾಡಿಕೊಡುವುದು ಸೇವೆಯಾದ್ದರಿಂದ ತೆರಿಗೆ ಅನ್ವಯಿಸುತ್ತದೆ ಎಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತು. ಪರವಾನಗಿಯ ಕಾಟ ತಪ್ಪಿಸಿದ ‘ಸೇವೆ’ ಎಂಬ ವ್ಯಾಖ್ಯೆಯೇ ಇಲ್ಲಿ ಬಳಕೆದಾರನ ಜೇಬಿಗೆ ಕೈಹಾಕಿದೆ. ಕಾರು ಕೊಳ್ಳುವಾಗ ಶೇ. 5 ತೆರಿಗೆ, ಅದನ್ನು ದಾರಿಯಲ್ಲಿ ಓಡಿಸಲು ಶೇ. 18.

ಎರಡನೆಯದು ಪೇಟೆಯೊಳಗಿನ ಹುಡುಕಾಟ. ಮಾಲ್, ಕಾರು ಶೋರೂಂ, ಪೆಟ್ರೋಲ್ ಬಂಕ್, ಹೋಟೆಲ್, ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ಸಬ್‌ಸ್ಟೇಷನ್ ಆವರಣ: ಯಂತ್ರಗಳಿರುವುದು ಇಂಥ ಕಡೆ. ಶೋರೂಂ ರಾತ್ರಿ ಬಾಗಿಲು ಹಾಕುತ್ತದೆ. ಮಾಲ್‌ನಲ್ಲಿ ಚಾರ್ಜಿನ ಜೊತೆ ಪಾರ್ಕಿಂಗ್ ಶುಲ್ಕವೂ ಸೇರುತ್ತದೆ. ಬಂಕಿನಲ್ಲಿ ಚಾರ್ಜರಿನ ಮುಂದೆ ಪೆಟ್ರೋಲ್ ಕಾರು ನಿಂತಿರುತ್ತದೆ. ಮನೆಯಲ್ಲಿ ಪ್ಲಗ್ ಇರುವವನಿಗೆ ಇದ್ಯಾವುದೂ ಬೇಕಾಗುವುದಿಲ್ಲ. ಇಲ್ಲದವನು ದಿನವೂ ಇದರಲ್ಲೇ ಬದುಕಬೇಕು.

ನಿಗಡಿಯಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಬಗೆಹರಿಸಿಕೊಂಡದ್ದು ಬಸ್ಸು. ಪುಣೆಯ ನಗರ ಸಾರಿಗೆ ಸಂಸ್ಥೆ ಪಿಎಂಪಿಎಂಎಲ್ 2019ರ ಫೆಬ್ರುವರಿಯಲ್ಲಿ ವಿದ್ಯುತ್ ಬಸ್ಸುಗಳನ್ನು ಬಿಟ್ಟಾಗ ಅವುಗಳ ಆರಂಭದ ನೆಲೆಗಳು ಎರಡು: ಭೇಕರಾಯ್ ನಗರದ ಡಿಪೊ ಮತ್ತು ನಿಗಡಿಯ ಡಿಪೊ. ಬಸ್ಸಿಗೆ ಹುಡುಕಾಟವಿಲ್ಲ. ದಿನಕ್ಕೆ ಓಡುವ ದೂರ ಗೊತ್ತು, ಮರಳುವ ಜಾಗ ಗೊತ್ತು, ಯಂತ್ರ ಕೆಟ್ಟರೆ ಬಸ್ಸು ಹೊರಡುವುದಿಲ್ಲವಾದ್ದರಿಂದ ರಿಪೇರಿ ಮಾಡಿಸುವ ಹೊಣೆ ಯಾರದೆಂದೂ ಗೊತ್ತು. 2022ರ ಜೂನ್ 1ರಂದು ಪುಣೆ-ಅಹ್ಮದನಗರ ನಡುವೆ ಶುರುವಾದ ರಾಜ್ಯ ಸಾರಿಗೆಯ ‘ಶಿವಾಯಿ’, 2023ರಲ್ಲಿ ಬೆಂಗಳೂರು-ಮೈಸೂರು ನಡುವೆ ಬಂದ ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ ನಿಂತಿರುವುದೂ ಈ ಲೆಕ್ಕದ ಮೇಲೆಯೇ. ಖಾಸಗಿ ಕಾರಿನ ಹೆದ್ದಾರಿ ಚಾರ್ಜರಿಗೆ ಇಲ್ಲದಿರುವುದು ಈ ಮೂರನೆಯದು, ಹೊಣೆ.

ಮೂರನೆಯ ಹುಡುಕಾಟ ಹೆದ್ದಾರಿಯದು. ಇಲ್ಲಿ ದೂರದ ಲೆಕ್ಕವನ್ನು ಸರಿಯಾಗಿ ಹಾಕಿಕೊಳ್ಳುವುದು ಮೊದಲ ಕೆಲಸ. 2020ರ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟಿನದು, ಎಆರ್‌ಎಐ ಪ್ರಮಾಣಿಸಿದ ಓಟ 312 ಕಿಲೋಮೀಟರ್. ಆ ಪರೀಕ್ಷೆಯಲ್ಲಿ ಕಾರಿನ ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್, ಸರಾಸರಿ ಅದಕ್ಕಿಂತ ಬಹಳ ಕಡಿಮೆ. ಊರೊಳಗಿನ ಓಡಾಟವನ್ನು ಹೋಲುವ ಚಕ್ರ ಅದು. ಹೆದ್ದಾರಿಯಲ್ಲಿ ಗಾಳಿಯ ತಡೆ ವೇಗದೊಂದಿಗೆ ಭರದಿಂದ ಏರುತ್ತದೆ. ಅಂಥ ಕಾರನ್ನು ಇನ್ನೂರು ಕಿಲೋಮೀಟರಿನ ಕಾರೆಂದೇ ತಿಳಿದು ಹೊರಡುವುದು ಕ್ಷೇಮ.

ಮೇಲಾಗಿ ನಿಗಡಿಯಿಂದ ಮುಂಬಯಿಯ ಕಡೆ ಹೊರಟರೂ ದಕ್ಷಿಣದ ಕಡೆ ಹೊರಟರೂ ಘಾಟ್ ಇದೆ. ಮುಂಬಯಿಯಿಂದ ಮರಳುವಾಗ ಖೋಪೋಲಿಯಿಂದ ಲೋನಾವಳಕ್ಕೆ ಏರಬೇಕು. 1,700 ಕಿಲೋ ತೂಕದ ಕಾರನ್ನು ಸುಮಾರು 550 ಮೀಟರ್ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ ಎರಡೂವರೆ ಯೂನಿಟ್ ಬೇಕು. ಮೋಟಾರಿನ ನಷ್ಟ ಸೇರಿಸಿದರೆ ಮೂರು. ಸಮತಟ್ಟು ರಸ್ತೆಯಲ್ಲಿ ಅದು ಇಪ್ಪತ್ತು ಕಿಲೋಮೀಟರಿನ ದುಡಿಮೆ. ಇಳಿಯುವಾಗ ಅದರಲ್ಲೊಂದು ಪಾಲು ಬ್ಯಾಟರಿಗೆ ಮರಳುತ್ತದೆ, ಪೂರ್ತಿ ಅಲ್ಲ. ದಕ್ಷಿಣದ ಕಡೆ ಸಾತಾರಾಕ್ಕೆ ಹೋಗುವ ಮುಂಚೆ ಖಂಬಾಟಕಿ ಇದೆ. ಹೋಗುವಾಗ ಘಾಟ್ ಏರಬೇಕು, ಬರುವಾಗ ಸುರಂಗ. ಆದ್ದರಿಂದ ಹೋದ ದಿನದ ಶೇಕಡಾವಾರು ಲೆಕ್ಕವನ್ನು ಬರುವ ದಿನಕ್ಕೆ ಹಚ್ಚುವಂತಿಲ್ಲ.

ನಿಗಡಿಯಿಂದ ಕೊಲ್ಲಾಪುರ ಸುಮಾರು 240 ಕಿಲೋಮೀಟರ್, ಬೆಳಗಾವಿ 350ರ ಹತ್ತಿರ. ಮಧ್ಯಮ ಬ್ಯಾಟರಿಯ ಕಾರಿಗೆ ಬೆಳಗಾವಿಯವರೆಗೆ ಒಂದು ನಿಲುಗಡೆ, ಹುಬ್ಬಳ್ಳಿಯವರೆಗೆ ಎರಡು. 2018ರ ಮಾರ್ಗಸೂಚಿಯ 25 ಕಿಲೋಮೀಟರಿನ ಅಂತರ ನಿಜವಾದರೆ ಇದು ಚಿಂತೆಯ ವಿಷಯವೇ ಅಲ್ಲ. ತಾಪತ್ರಯ ‘ಎರಡೂ ಬದಿಗೆ’ ಎಂಬ ಮಾತಿನಲ್ಲಿದೆ. ಹೆದ್ದಾರಿಯ ನಡುವೆ ವಿಭಜಕ. ಚಾರ್ಜರ್ ಎದುರು ಬದಿಯ ಹೋಟೆಲಿನಲ್ಲಿದ್ದರೆ ಮುಂದಿನ ಅಂಡರ್‌ಪಾಸ್ ತನಕ ಹೋಗಿ ತಿರುಗಿ ಬಂದು, ಚಾರ್ಜ್ ಮಾಡಿ, ಮತ್ತೊಮ್ಮೆ ಹಾಗೆಯೇ ತಿರುಗಬೇಕು. ಬ್ಯಾಟರಿಯಲ್ಲಿ ಎಂಟು ಶೇಕಡಾ ಉಳಿದಾಗ ಈ ಸುತ್ತು ಸಣ್ಣದಲ್ಲ.

ಇನ್ನು ಹಬ್ಬದ ದಿನಗಳ ಸಾಲು. 60 ಕಿಲೋವಾಟಿನ ಯಂತ್ರಕ್ಕೆ ಎರಡು ಗನ್ ಇರುತ್ತವೆ. ಎರಡರಲ್ಲೂ ಕಾರು ನಿಂತರೆ ಒಂದೊಂದಕ್ಕೆ 30. ನಲವತ್ತು ಯೂನಿಟಿನ ಬ್ಯಾಟರಿ ಹತ್ತರಿಂದ ಎಂಬತ್ತು ಶೇಕಡಾಕ್ಕೆ ಬರಲು ಸುಮಾರು ಒಂದು ಗಂಟೆ. ಮೂರನೆಯವನಾಗಿ ಬಂದವನು ಒಂದು ಗಂಟೆ ಕಾಯುತ್ತಾನೆ, ಐದನೆಯವನು ಎರಡು ಗಂಟೆ. ಪೆಟ್ರೋಲ್ ಬಂಕಿನಲ್ಲಿ ಐದನೆಯವನಾಗಿ ನಿಲ್ಲುವುದಕ್ಕೂ ಇಲ್ಲಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ದೀಪಾವಳಿಯ ಹಿಂದಿನ ದಿನ ಅರ್ಥವಾಗುತ್ತದೆ.

ಫೋನಿನಲ್ಲಿ ಹತ್ತು ಆ್ಯಪ್

ಹುಡುಕುವ ಸಾಧನ ಫೋನು. ಟಾಟಾ ಪವರ್, ಜಿಯೋ-ಬಿಪಿ, ಸ್ಟ್ಯಾಟಿಕ್, ಚಾರ್ಜ್‌ಜೋನ್, ಝಿಯಾನ್, ಶೆಲ್ ಹೀಗೆ ಒಂದೊಂದು ಸಂಸ್ಥೆಗೂ ಒಂದೊಂದು ಆ್ಯಪ್. ಬಹುಪಾಲು ಕಡೆ ವಾಲೆಟ್ಟಿಗೆ ಮುಂಗಡ ಹಣ ತುಂಬಬೇಕು. ಸರ್ಕಾರದ ಕಡೆಯಿಂದ ಬೆಸ್ಕಾಂನ ‘ಇವಿ ಮಿತ್ರ’, ಮಹಾವಿತರಣದ ‘ಪವರ್‌ಅಪ್’, 2022ರ ಡಿಸೆಂಬರ್ 14ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬಿಡುಗಡೆ ಮಾಡಿದ ‘ಇವಿ ಯಾತ್ರಾ’. ಇವೆಲ್ಲವನ್ನೂ ಮೀರಿ ದಾರಿಹೋಕರು ನಂಬುವುದು ಪ್ಲಗ್‌ಶೇರ್‌ನಂಥ ಆ್ಯಪ್‌ಗಳಲ್ಲಿ ಬೇರೆ ಚಾಲಕರು ಬರೆದಿಟ್ಟ ಸಾಲುಗಳನ್ನು. ನಿನ್ನೆ ಸಂಜೆ ಇಲ್ಲಿ ಚಾರ್ಜ್ ಆಯಿತು ಎಂದು ಯಾರೋ ಅಪರಿಚಿತ ಬರೆದ ಒಂದು ಸಾಲಿಗೆ ಸರ್ಕಾರಿ ಪಟ್ಟಿಗಿಂತ ಹೆಚ್ಚು ಬೆಲೆ ಬಂದಿದೆ. ನಿರ್ವಾಹಕರು ತಾವೇ ಕೊಡಬೇಕಾದ ಮಾಹಿತಿಯನ್ನು ಬಳಕೆದಾರರು ಪುಕ್ಕಟೆಯಾಗಿ ಒಬ್ಬರಿಗೊಬ್ಬರು ಕೊಡುತ್ತಿದ್ದಾರೆ.

ಯುಪಿಐನಿಂದ ಎಳನೀರು ಕೊಳ್ಳುವ ದೇಶದಲ್ಲಿ ಕಾರಿಗೆ ಕರೆಂಟು ತುಂಬಲು ಮಾತ್ರ ಹೊಸ ಆ್ಯಪ್ ಇಳಿಸಿಕೊಂಡು, ಒಟಿಪಿಗೆ ಕಾದು, ಸಾವಿರ ರೂಪಾಯಿ ವಾಲೆಟ್ಟಿಗೆ ಹಾಕಿ, ಉಳಿದ ಹಣವನ್ನು ಅಲ್ಲೇ ಬಿಟ್ಟು ಬರಬೇಕಾದದ್ದು ಯಾವ ತಾಂತ್ರಿಕ ಅನಿವಾರ್ಯದಿಂದಲೂ ಅಲ್ಲ. ಎಲ್ಲ ಕೇಂದ್ರಗಳನ್ನೂ ಒಂದೇ ಆ್ಯಪ್‌ನಲ್ಲಿ ತರುವ ಕೆಲಸಕ್ಕೆ ಕೇಂದ್ರ ಸರ್ಕಾರ 2025ರಲ್ಲಿ ಬಿಎಚ್‌ಇಎಲ್ ಹೆಸರನ್ನು ಮುಂದಿಟ್ಟಿತು. ಅದು ಆಗಲಿ. ಆದರೆ ಕೆಟ್ಟ ಯಂತ್ರಗಳ ಪಟ್ಟಿಯನ್ನು ಒಂದೇ ಕಡೆ ಸೇರಿಸಿದರೆ ಸಿಗುವುದು ಇನ್ನೂ ಉದ್ದದ ಪಟ್ಟಿ ಮಾತ್ರ.

ಯಂತ್ರ ಯಾಕೆ ನಿಲ್ಲುತ್ತದೆ

ಕಾರಣಗಳು ನಿಗೂಢವಲ್ಲ. ಇದು ಹೊರಗಿನ ಬಿಸಿಲು, ಮಳೆ, ಧೂಳಿನಲ್ಲಿ ನಿಂತ ಯಂತ್ರ. ಒಳಗಿರುವುದು ಶಕ್ತಿ ಪರಿವರ್ತಕ, ತಂಪು ಮಾಡುವ ಫ್ಯಾನ್, ಒಂದು ಸಿಮ್ ಕಾರ್ಡ್. ಸಿಗ್ನಲ್ ಹೋದರೆ ಹಣ ಪಾವತಿ ನಿಲ್ಲುತ್ತದೆ, ವೋಲ್ಟೇಜ್ ಕುಸಿದರೆ ಯಂತ್ರ ತಾನೇ ಕೈಕಟ್ಟಿ ಕೂರುತ್ತದೆ. ಹಳ್ಳಿಯಂಚಿನ ಹೋಟೆಲಿನಲ್ಲಿ ಕರೆಂಟು ಹೋದಾಗ ಜನರೇಟರ್ ದೀಪಗಳನ್ನು ಹೊತ್ತಿಸಬಹುದು, 60 ಕಿಲೋವಾಟ್ ಎತ್ತುವುದು ಕಷ್ಟ. ಕೆಟ್ಟರೆ ನೋಡಿಕೊಳ್ಳಲು ಅಲ್ಲಿ ಯಾರೂ ಇಲ್ಲ. ಹೋಟೆಲಿನವನು ಜಾಗ ಕೊಟ್ಟವನು, ಯಂತ್ರ ಇನ್ನೊಬ್ಬರದು, ಆ್ಯಪ್ ಮತ್ತೊಬ್ಬರದು, ಮೀಟರ್ ವಿದ್ಯುತ್ ಕಂಪನಿಯದು.

ಅದರ ಹಿಂದಿರುವುದು ವ್ಯಾಪಾರದ ಲೆಕ್ಕ. ಹಬ್ಬದ ನಾಲ್ಕು ದಿನ ಸಾಲು, ಉಳಿದ ದಿನಗಳಲ್ಲಿ ಯಂತ್ರ ಹೆಚ್ಚು ಹೊತ್ತು ಖಾಲಿ. ಸಂಪಾದಿಸದ ಯಂತ್ರಕ್ಕೆ ರಿಪೇರಿಯ ತುರ್ತು ಇರುವುದಿಲ್ಲ. ಸಹಾಯಧನದ ರೀತಿಯೂ ಇದಕ್ಕೆ ನೀರೆರೆದಿದೆ. 2023ರ ಮಾರ್ಚಿನಲ್ಲಿ ಫೇಮ್-2 ಯೋಜನೆಯಡಿ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 7,432 ವೇಗದ ಚಾರ್ಜಿಂಗ್ ಕೇಂದ್ರಗಳಿಗೆಂದು 800 ಕೋಟಿ ರೂಪಾಯಿ ಮಂಜೂರಾಯಿತು. ಅದರ ಶೇ. 70, ಅಂದರೆ 560 ಕೋಟಿ, ಮೊದಲ ಕಂತಾಗಿ ಆಗಲೇ ಬಿಡುಗಡೆಯಾಯಿತು. ಹಣ ಹೊರಟಾಗ ಆ ಯಂತ್ರಗಳಿಂದ ಒಂದು ಕಾರೂ ಚಾರ್ಜ್ ಆಗಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪಿಎಂ ಇ-ಡ್ರೈವ್ ಯೋಜನೆ ಚಾರ್ಜಿಂಗ್‌ಗೆಂದೇ 2,000 ಕೋಟಿ ತೆಗೆದಿಟ್ಟಿದೆ, ಗುರಿ 72,000ಕ್ಕೂ ಹೆಚ್ಚು ಚಾರ್ಜರುಗಳು. ಹಣ ಈ ಬಾರಿಯೂ ನೆಟ್ಟ ಯಂತ್ರಗಳ ಲೆಕ್ಕದಲ್ಲೇ ಹಂಚಿಹೋದರೆ ಫಲವೂ ಹಿಂದಿನದೇ ಆಗುತ್ತದೆ.

ಬೇರೆಯವರು ಮಾಡಿದ್ದು

ಹಣವಿರುವ ದೇಶಗಳು ಪೆಟ್ಟು ತಿಂದು ಕಲಿತ ಪಾಠ ಹೊಣೆಯ ಕುರಿತದ್ದೇ. ಅಮೆರಿಕ 2023ರಲ್ಲಿ, ಸರ್ಕಾರದ ಹಣ ಪಡೆದ ಹೆದ್ದಾರಿ ಚಾರ್ಜರ್ ವರ್ಷದಲ್ಲಿ ಶೇ. 97ರಷ್ಟು ಹೊತ್ತು ಕೆಲಸ ಮಾಡಬೇಕೆಂದು ನಿಯಮ ಮಾಡಿತು. ಬ್ರಿಟನ್ನಿನ 2023ರ ನಿಯಮ ವೇಗದ ಚಾರ್ಜರ್ ಜಾಲಗಳಿಗೆ ಶೇ. 99 ಎಂದಿತು, ತಪ್ಪಿದರೆ ಪ್ರತಿ ಯಂತ್ರಕ್ಕೆ 10,000 ಪೌಂಡ್‌ವರೆಗೆ ದಂಡ. ಯುರೋಪ್ ಒಕ್ಕೂಟದ 2024ರ ಏಪ್ರಿಲ್‌ನಿಂದ ಜಾರಿಯಾದ ನಿಯಮ ಮುಖ್ಯ ಹೆದ್ದಾರಿಗಳಲ್ಲಿ ಪ್ರತಿ 60 ಕಿಲೋಮೀಟರಿಗೆ ಕೇಂದ್ರ ಬೇಕೆನ್ನುತ್ತದೆ. ನೋಂದಣಿ, ಸದಸ್ಯತ್ವ ಯಾವುದೂ ಇಲ್ಲದೆ ಕಾರ್ಡಿನಿಂದ ಹಣ ಕೊಡಲು ಸಾಧ್ಯವಾಗಬೇಕೆನ್ನುತ್ತದೆ. ನಮ್ಮ 2018ರ ಮಾರ್ಗಸೂಚಿಯ 25 ಕಿಲೋಮೀಟರಿಗಿಂತ ಅವರ 60 ಸಡಿಲ. ಆದರೆ ಬಳಕೆದಾರನಿಗೆ ಕೊಡುವ ಭರವಸೆ ಬಿಗಿ.

ನಮ್ಮಂಥದೇ ಪರಿಸ್ಥಿತಿಯ ನೇಪಾಳ ಇನ್ನೊಂದು ಬಗೆಯಲ್ಲಿ ಮುಂದೆ ಹೋಗಿದೆ. ಪೆಟ್ರೋಲ್ ಪೂರ್ತಿ ಭಾರತದಿಂದ ಬರಬೇಕು, ಜಲವಿದ್ಯುತ್ ಮಾತ್ರ ಮಳೆಗಾಲದಲ್ಲಿ ಮಿಗುತ್ತದೆ. ಹಾಗಾಗಿ ಹೊಸದಾಗಿ ಆಮದಾಗುವ ಕಾರುಗಳಲ್ಲಿ ಹೆಚ್ಚಿನವು ವಿದ್ಯುತ್ತಿನವು. ಅಲ್ಲಿನ ವಿದ್ಯುತ್ ಪ್ರಾಧಿಕಾರ ಐವತ್ತಕ್ಕೂ ಹೆಚ್ಚು ವೇಗದ ಕೇಂದ್ರ ಹಾಕಿತು. ಉಳಿದದ್ದನ್ನು ಹೆದ್ದಾರಿಯ ಹೋಟೆಲುಗಳು ಹಾಕಿಕೊಂಡವು. ಕಠ್ಮಂಡು-ಪೋಖರಾ ದಾರಿಯ ಹೋಟೆಲಿನವನಿಗೆ ಚಾರ್ಜರ್ ಎಂದರೆ ಊಟದ ಗಿರಾಕಿ. ಯಂತ್ರ ಕೆಟ್ಟರೆ ಅನ್ನದ ವ್ಯಾಪಾರ ಕೆಡುತ್ತದೆ, ಆದ್ದರಿಂದ ಅದು ಬೇಗ ರಿಪೇರಿಯಾಗುತ್ತದೆ. ಇಥಿಯೋಪಿಯಾ 2024ರ ಜನವರಿಯಲ್ಲಿ ಪೆಟ್ರೋಲ್-ಡೀಸೆಲ್ ಕಾರುಗಳ ಆಮದನ್ನೇ ನಿಲ್ಲಿಸಿತು. ಕಾರು ಬಂದವು, ಕೇಂದ್ರಗಳು ರಾಜಧಾನಿಯಲ್ಲೇ ಉಳಿದವು. ದೂರದ ಊರಿನವರಿಗೆ ಮನೆಯ ಪ್ಲಗ್ಗೇ ಗತಿ.

ಹತ್ತಿರದ ಉದಾಹರಣೆಯೂ ಇದೆ. ಕಾಸರಗೋಡಿನ ಕನ್ನಡಿಗರು ನೋಡುತ್ತಿರುವ ಕೇರಳದ ಪ್ರಯೋಗದಲ್ಲಿ ಅಲ್ಲಿನ ವಿದ್ಯುತ್ ಮಂಡಳಿ ರಸ್ತೆಬದಿಯ ಕಂಬಗಳಿಗೇ ಸಾವಿರಕ್ಕೂ ಮಿಕ್ಕಿ ಚಾರ್ಜರ್ ಜೋಡಿಸಿತು. ಆಟೊ ಮತ್ತು ಸ್ಕೂಟರುಗಳಿಗೆಂದು. ಕಂಬ ಮೊದಲೇ ಇತ್ತು, ಕರೆಂಟು ಮೊದಲೇ ಇತ್ತು, ಮೀಟರಿನ ಒಡೆಯರೂ ಮಂಡಳಿಯವರೇ. ಹೆದ್ದಾರಿಯ ಕಾರಿಗೆ ಇದು ಉತ್ತರವಲ್ಲ, ಆದರೆ ಪಿಂಪ್ರಿ-ಚಿಂಚವಡದಲ್ಲಿ ಬಾಡಿಗೆ ಮನೆಯಲ್ಲಿದ್ದು ಆಟೊ ಓಡಿಸುವವನಿಗೆ ಬೇಕಾದದ್ದು ಇದೇ.

ಆಗಬೇಕಾದದ್ದು

ಮೂರು ಕೆಲಸಗಳು ಹೊಸ ತಂತ್ರಜ್ಞಾನ ಬೇಡುವುದಿಲ್ಲ, ದೊಡ್ಡ ಹಣವನ್ನೂ ಬೇಡುವುದಿಲ್ಲ.

ಮೊದಲನೆಯದು, ಸಹಾಯಧನದ ಗಣನೀಯ ಭಾಗ ಯಂತ್ರ ನಡೆದ ಗಂಟೆಗಳಿಗೆ ಸಲ್ಲಬೇಕು. ಚಾರ್ಜರುಗಳು ತಮ್ಮ ಸ್ಥಿತಿಯನ್ನು ತಾವೇ ನಿರ್ವಾಹಕರ ಸರ್ವರಿಗೆ ಕ್ಷಣಕ್ಷಣ ಕಳಿಸುತ್ತಿರುತ್ತವೆ. ಆ ಮಾಹಿತಿ ಈಗಾಗಲೇ ಇದೆ. ಅದನ್ನು ಪ್ರತಿ ಕೇಂದ್ರದ ಹೆಸರಿನ ಮುಂದೆ ಸಾರ್ವಜನಿಕವಾಗಿ ಹಾಕಬೇಕು. ಕಳೆದ ತಿಂಗಳು ಶೇ. 60ರಷ್ಟು ಹೊತ್ತು ಮಾತ್ರ ನಡೆದದ್ದು ಎಂದು ಕಂಡರೆ ಯಾರೂ ಅದನ್ನು ನಂಬಿ ಖಂಬಾಟಕಿ ಏರುವುದಿಲ್ಲ.

ಎರಡನೆಯದು, ಎಲ್ಲ ಯಂತ್ರಗಳಲ್ಲೂ ಆ್ಯಪ್ ಇಲ್ಲದೆ ಯುಪಿಐ ಪಾವತಿ. ಒಂದು ಕ್ಯೂಆರ್ ಚೀಟಿಗೆ ಆಗುವ ಖರ್ಚು ನಗಣ್ಯ.

ಮೂರನೆಯದು ಹಂಚಿಕೆ. 2024ರ ಸೆಪ್ಟೆಂಬರ್‌ನ ಕೇಂದ್ರ ಮಾರ್ಗಸೂಚಿ ಬಿಸಿಲಿನ ಹೊತ್ತಿನಲ್ಲಿ, ಅಂದರೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ, ಚಾರ್ಜಿಂಗ್ ಕೇಂದ್ರಗಳಿಗೆ ಸರಾಸರಿ ಪೂರೈಕೆ ವೆಚ್ಚದ ಶೇ. 70ರ ದರದಲ್ಲಿ ಕರೆಂಟು ಕೊಡಬೇಕೆಂದಿದೆ. ಉಳಿದ ಹೊತ್ತಿಗೆ ಶೇ. 130. ಬಿಸಿಲಿಗೆ ಬರವಿಲ್ಲದ ವಿಜಯಪುರ, ಬಾಗಲಕೋಟೆ, ಕಲಬುರಗಿ, ಸೊಲ್ಲಾಪುರಗಳ ಹೆದ್ದಾರಿ ಕೇಂದ್ರಗಳಿಗೆ ಇದಕ್ಕಿಂತ ಒಪ್ಪುವ ದರಪದ್ಧತಿ ಇಲ್ಲ. ಬೆಂಗಳೂರಿನಲ್ಲಿ ಇನ್ನೊಂದು ಸಾವಿರ ಸಾಕೆಟ್ ಹಾಕಿ ಮೊದಲ ಸ್ಥಾನ ಕಾಯ್ದುಕೊಳ್ಳುವುದಕ್ಕಿಂತ, ಈ ಜಿಲ್ಲೆಗಳಲ್ಲಿ ನಡೆಯುವ ನೂರು ವೇಗದ ಯಂತ್ರಗಳಿಂದ ಕರ್ನಾಟಕಕ್ಕೆ ಹೆಚ್ಚು ಪ್ರಯೋಜನ.

ಅಲ್ಲಿಯವರೆಗೆ ಕೊಳ್ಳುವವರಿಗೆ ಹೇಳಬಹುದಾದದ್ದು ಇಷ್ಟು. ಮನೆಯಲ್ಲಿ ಪ್ಲಗ್ ಹಾಕಿಸಿಕೊಳ್ಳಬಲ್ಲವರಿಗೆ, ವಾರಕ್ಕೆ ಮುನ್ನೂರು ಕಿಲೋಮೀಟರ್ ಊರೊಳಗೇ ಓಡುವವರಿಗೆ ವಿದ್ಯುತ್ ಕಾರು ಈಗಲೇ ಲಾಭದ್ದು, ನೆಮ್ಮದಿಯದ್ದು. ವರ್ಷಕ್ಕೆ ಮೂರು ಸಲ ಬೆಳಗಾವಿಗೆ ಹೋಗುವುದು ಅದಕ್ಕೆ ಅಡ್ಡಿಯಲ್ಲ. ಬ್ಯಾಟರಿ ಮೂವತ್ತು ಶೇಕಡಾಕ್ಕೆ ಇಳಿಯುವ ಮುಂಚೆಯೇ ನಿಲ್ಲುವ, ನಿಲ್ಲುವ ಜಾಗದ ಆಚೆ ಇನ್ನೊಂದು ಚಾರ್ಜರನ್ನು ಲೆಕ್ಕದಲ್ಲಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಸಾಕು. ಮನೆಯಲ್ಲಿ ಪ್ಲಗ್ ಇಲ್ಲದವರಿಗೆ ಈ ಮಾತು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಶೋರೂಮಿಗೆ ಟೆಸ್ಟ್ ಡ್ರೈವಿಗೆ ಹೋಗುವ ಮುನ್ನ ಸೊಸೈಟಿಯ ಕಾರ್ಯದರ್ಶಿಯನ್ನು ಕರೆದುಕೊಂಡು ಮೀಟರ್ ರೂಮಿಗೆ ಹೋಗಿ ಬನ್ನಿ. ಅಲ್ಲಿ ಒಪ್ಪಿಗೆ ಸಿಕ್ಕರೆ ಕಾರು ಬುಕ್ ಮಾಡಿ. ಸಿಗದಿದ್ದರೆ ಮೊದಲು ಒಪ್ಪಿಗೆಗೆ ಹೋರಾಡಿ, ಕಾರು ಆಮೇಲೆ.